.357 ಸಾಕು ಅಂದದ್ದಕ್ಕೆ ಬಂದ ತಕರಾರುಗಳು

ನಾನು ಹೇಳಿದ್ದು ಇಷ್ಟೇ: ಅಮೆರಿಕದಲ್ಲಿದ್ದುಕೊಂಡು, ಮನೆಯಲ್ಲೇ ತೋಟಾ ತುಂಬಿಸಿಕೊಂಡು, ಕೈಗೆಟಕುವ ಖರ್ಚಿನಲ್ಲಿ ಕಾಗದದ ಗುರಿಗೆ ಹೊಡೆಯಬೇಕು ಅನ್ನುವವರು ಮ್ಯಾಗ್ನಂ ರಿವಾಲ್ವರ್ ಕೊಳ್ಳುವುದಾದರೆ .357 ಕೊಳ್ಳಲಿ. ಇಷ್ಟಕ್ಕೇ ಅನೇಕರಿಗೆ ಸಿಟ್ಟು ಬಂದಿದೆ. ಕರಡಿ ಎದುರಾದರೆ ಏನು ಮಾಡುತ್ತೀರಿ ಎಂದು ಕೇಳಿದವರಿಗೆ ಇಲ್ಲಿ ಉತ್ತರವಿಲ್ಲ. ರೇಂಜಿಗೆ ಕರಡಿ ಬರುವುದಿಲ್ಲ. ಉಳಿದವರ ಮಾತನ್ನು ಒಂದೊಂದಾಗಿ ನೋಡೋಣ.

ಎಲ್ಲಕ್ಕಿಂತ ಜೋರಾದ ತಕರಾರು .44 ಮ್ಯಾಗ್ನಂ ಪಕ್ಷದವರದು. "ಮದ್ದು ಕಡಿಮೆ ಹಾಕಿದರೆ ಅದೂ ಮೆತ್ತಗಾಗುತ್ತದೆ, ಬೇಕೆಂದಾಗ ಗುಡುಗುತ್ತದೆ, ಎರಡೂ ಸಿಗುವಾಗ ಒಂದಕ್ಕೇಕೆ ತೃಪ್ತಿಪಡಬೇಕು?" ಗುಡುಗುವ ಆಸೆ ಅರ್ಥವಾಗುವಂಥದ್ದೇ. 1955ರಲ್ಲಿ ಹುಟ್ಟಿದ .44 ಮ್ಯಾಗ್ನಂ ಮೊದಮೊದಲು ಬೇಟೆಗಾರರ ಸ್ವತ್ತಾಗಿತ್ತು. 1971ರಲ್ಲಿ ಕ್ಲಿಂಟ್ ಈಸ್ಟ್‌ವುಡ್ ‘ಡರ್ಟಿ ಹ್ಯಾರಿ’ಯಲ್ಲಿ ಅದನ್ನು ಹಿಡಿದು ನಿಂತ ಮೇಲೆ ಕಂಡಕಂಡವರಿಗೆಲ್ಲ ಬೇಕಾಯಿತು. ಆದರೆ ನಮ್ಮ ಪ್ರಶ್ನೆ ಖರ್ಚಿನದು, ಹಾಗಾಗಿ ಲೆಕ್ಕವನ್ನೇ ಹಾಕೋಣ.

ಈ ಹವ್ಯಾಸದಲ್ಲಿ ತೂಕವೆಲ್ಲ ಗ್ರೇನ್‌ಗಳಲ್ಲಿ. ಪೌಂಡಿಗೆ 7000 ಗ್ರೇನ್. .357ರ ರೂಢಿಯ ಗುಂಡು 158 ಗ್ರೇನ್ ತೂಗುತ್ತದೆ, .44ರದು 240. ಸೀಸ ಕರಗಿಸಿ ಅಚ್ಚಿಗೆ ಹೊಯ್ದರೆ ಒಂದು ಪೌಂಡಿನಲ್ಲಿ ಮೊದಲನೆಯವು 44 ಸಿಗುತ್ತವೆ, ಎರಡನೆಯವು 29. ಸೀಸಕ್ಕೆ ಪೌಂಡಿಗೆ 2 ಡಾಲರ್ ಹಿಡಿದರೆ ಗುಂಡೊಂದಕ್ಕೆ ಇಲ್ಲಿ ನಾಲ್ಕೂವರೆ ಸೆಂಟ್, ಅಲ್ಲಿ ಏಳು. ಮದ್ದಿಗೆ ಪೌಂಡಿಗೆ 40 ಡಾಲರ್ ಎಂದಿಟ್ಟುಕೊಳ್ಳಿ. .357ರಲ್ಲೂ ಹೊಡೆಯಬಹುದಾದ .38 ಸ್ಪೆಷಲ್‌ನ ಮಟ್ಟದ ಮೆತ್ತನೆಯ ಗುರಿ ತೋಟಾಗೆ ಮೂರು ಗ್ರೇನಿನ ಆಸುಪಾಸು ಸಾಕು, ಎರಡು ಸೆಂಟೂ ಆಗುವುದಿಲ್ಲ. .44ನ್ನು ಮೆತ್ತಗೆ ತುಂಬಿಸಿದರೂ ಅದರ ಎರಡು ಪಟ್ಟಿಗಿಂತ ಹೆಚ್ಚು ಬೇಕು, ನಾಲ್ಕು ಸೆಂಟ್. ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್ ಎರಡಕ್ಕೂ ಎಂಟು ಸೆಂಟ್ ಎಂದು ಹಿಡಿದು, ಹಿತ್ತಾಳೆಯ ಖಾಲಿ ಕೇಸು ಕೈಯಲ್ಲೇ ಇದೆ ಎಂದುಕೊಂಡರೆ .357ರ ತೋಟಾ ಹದಿನಾಲ್ಕು ಸೆಂಟಿಗೆ, .44ರದು ಹತ್ತೊಂಬತ್ತಕ್ಕೆ ಬೀಳುತ್ತದೆ. ಗುಡುಗುವ ತೋಟಾಗೆ ಇಪ್ಪತ್ತು ಗ್ರೇನಿಗೂ ಮೇಲ್ಪಟ್ಟು ಮದ್ದು ಬೇಕಾಗುವುದರಿಂದ ಅದು ಇಪ್ಪತ್ತಾರನ್ನು ದಾಟುತ್ತದೆ. ಐದು ಸೆಂಟ್ ಏನು ಮಹಾ ಅನ್ನಬಹುದು. ವಾರಕ್ಕೆ 200 ಹೊಡೆಯುವವರಿಗೆ ಅದು ವರ್ಷಕ್ಕೆ 520 ಡಾಲರ್.

ಇನ್ನು "ಮದ್ದು ಕಡಿಮೆ ಹಾಕಿದರಾಯಿತು" ಅನ್ನುವ ಮಾತು. ಇದನ್ನು ಇಷ್ಟು ಸಲೀಸಾಗಿ ಹೇಳುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಮ್ಯಾಗ್ನಂಗೆಂದೇ ಇರುವ ನಿಧಾನ ಉರಿಯುವ ಮದ್ದುಗಳನ್ನು ಮನಸ್ಸಿಗೆ ಬಂದಂತೆ ಇಳಿಸುವಂತಿಲ್ಲ. ಎಚ್-110 ಮದ್ದನ್ನು ಮಾರುವ ಹಾಡ್ಜ್‌ಡನ್‌ನವರು ಪಟ್ಟಿಯಲ್ಲಿರುವ ಪ್ರಮಾಣಕ್ಕಿಂತ ಶೇಕಡಾ 3ಕ್ಕಿಂತ ಹೆಚ್ಚು ಇಳಿಸಬೇಡಿ ಎಂದು ಎಚ್ಚರಿಸುತ್ತಾರೆ. ಇಳಿಸಿದರೆ ಮದ್ದು ಸರಿಯಾಗಿ ಹತ್ತಿಕೊಳ್ಳದೆ ಗುಂಡು ನಳಿಕೆಯಲ್ಲೇ ನಿಂತುಬಿಡಬಹುದು. ಅದು ತಿಳಿಯದೆ ಮತ್ತೊಂದು ಹೊಡೆದರೆ ನಳಿಕೆ ಹೋಯಿತು, ಕೈ ಉಳಿದರೆ ಪುಣ್ಯ. ಮೆತ್ತನೆಯ ತೋಟಾಗೆ ಬೇಗ ಉರಿಯುವ ಬೇರೆಯದೇ ಮದ್ದು ಬೇಕು, ಅದರದೇ ಪಟ್ಟಿ ನೋಡಬೇಕು. .44ರಲ್ಲಿ ಎರಡೂ ಬೇಕೆಂದರೆ ಎರಡು ಡಬ್ಬಿ ಮದ್ದು, ಎರಡು ಲೆಕ್ಕ.

.44ರವರ ಬತ್ತಳಿಕೆಯಲ್ಲಿ ಒಂದು ಒಳ್ಳೆಯ ಬಾಣ ಇದೆ, ಅದನ್ನು ಮುಚ್ಚಿಡಬಾರದು. ಗುಂಡಿನ ತೂತು ವೃತ್ತದ ಗೆರೆ ಮುಟ್ಟಿದರೆ ಹೆಚ್ಚಿನ ಅಂಕ ಸಿಗುತ್ತದೆ. ದಪ್ಪ ಗುಂಡು ಬೇಗ ಮುಟ್ಟುತ್ತದೆ. ನಿಜ. ಆದರೆ .429 ಇಂಚಿಗೂ .358 ಇಂಚಿಗೂ ಇರುವ ವ್ಯತ್ಯಾಸದ ಅರ್ಧ, ಅಂದರೆ ಒಂದು ಮಿಲಿಮೀಟರೂ ಇಲ್ಲದ ಲಾಭ. ಒದೆತಕ್ಕೆ ಹೆದರಿ ಟ್ರಿಗರ್ ಎಳೆಯುವ ಮುನ್ನವೇ ಮಣಿಕಟ್ಟು ಬಗ್ಗಿಸುವವನು ಕಳೆದುಕೊಳ್ಳುವುದು ಮಿಲಿಮೀಟರುಗಳನ್ನಲ್ಲ, ಇಂಚುಗಳನ್ನು. ಮೆತ್ತನೆಯ .44 ಕೂಡ ಮೆತ್ತನೆಯ .38ಕ್ಕಿಂತ ಹೆಚ್ಚೇ ಒದೆಯುತ್ತದೆ.

ಎರಡನೆಯ ಗುಂಪಿನವರು ಇದೇ ಲೆಕ್ಕವನ್ನು ನನ್ನ ಮೇಲೆ ತಿರುಗಿಸುತ್ತಾರೆ: "ಹೊಡೆಯುವುದು .38 ಮಟ್ಟದ್ದೇ ಆದರೆ .38 ಸ್ಪೆಷಲ್ ರಿವಾಲ್ವರೇ ಸಾಕಲ್ಲ, ಮ್ಯಾಗ್ನಂ ಯಾಕೆ?" ಒಳ್ಳೆಯ ಸ್ಥಿತಿಯಲ್ಲಿರುವ ಸ್ಮಿತ್ ಅಂಡ್ ವೆಸನ್ ಮಾಡೆಲ್ 14 ಕೈಗೆ ಸಿಕ್ಕರೆ ಕಣ್ಣು ಮುಚ್ಚಿ ಕೊಳ್ಳಿ, ನಾನೇ ಹಣ ಎಣಿಸಲು ಬರುತ್ತೇನೆ. ಅಂಥವು ಈಗ ಸಂಗ್ರಹಕಾರರ ಬೆಲೆಗೆ ಹೋಗಿವೆ. ಹೊಸದಾಗಿ ಸಿಗುವ .38ಗಳಲ್ಲಿ ಹೆಚ್ಚಿನವು ಜೇಬಿಗೆಂದು ಮಾಡಿದ ಗಿಡ್ಡ ನಳಿಕೆಯವು. ಹೊಂದಿಸಬಲ್ಲ ಸೈಟು, ಉದ್ದ ನಳಿಕೆ, ಒದೆತ ನುಂಗುವ ತೂಕ ಇವೆಲ್ಲ ಒಟ್ಟಿಗೆ ಬೇಕೆಂದರೆ ರೂಗರ್ ಜಿಪಿ100, ಸ್ಮಿತ್‌ನ 686 ಥರದ .357ಗಳ ಕಡೆಗೇ ಹೋಗಬೇಕು. 1935ರಲ್ಲಿ .357 ಮಾಡಿದವರು .38 ಸ್ಪೆಷಲ್‌ನ ಕೇಸನ್ನೇ ಇಂಚಿನ ಎಂಟನೇ ಒಂದು ಭಾಗದಷ್ಟು ಉದ್ದ ಮಾಡಿದರು. ಹೊಸ ತೋಟಾ ಹಳೆಯ, ಬಡಕಲು .38ಗಳೊಳಗೆ ಹೋಗಬಾರದು ಎಂಬುದೇ ಅದರ ಉದ್ದೇಶ. ಮ್ಯಾಗ್ನಂನ ಒತ್ತಡದ ಮಿತಿ 35,000 ಪಿಎಸ್‌ಐ, .38 ಸ್ಪೆಷಲ್‌ನದು 17,000. ದೊಡ್ಡದರಲ್ಲಿ ಚಿಕ್ಕದನ್ನು ಹೊಡೆಯಬಹುದು, ಚಿಕ್ಕದರಲ್ಲಿ ದೊಡ್ಡದು ಕೂರುವುದಿಲ್ಲ. ಅದೇ ಗುಂಡು, ಅದೇ ಪ್ರೈಮರ್, ಕೇಸಿಗೆ ರೂಪ ಕೊಡುವ ಅದೇ ಡೈ, ಸ್ವಲ್ಪ ತಿರುಗಿಸಿ ಹೊಂದಿಸಿದರೆ ಎರಡೂ ತಯಾರು.

ಆಗ ಮೂರನೆಯವರು ಎದ್ದು ನಿಲ್ಲುತ್ತಾರೆ: ".38 ಹೊಡೆದರೆ ಸಿಲಿಂಡರಿನೊಳಗೆ ಮಸಿಯ ಉಂಗುರ ಕಟ್ಟುತ್ತದೆ, ಆಮೇಲೆ .357 ತೋಟಾ ಒಳಗೇ ಹೋಗುವುದಿಲ್ಲ." ಕಟ್ಟುತ್ತದೆ, ಸಂಶಯವಿಲ್ಲ. ಹಿತ್ತಾಳೆ ಬ್ರಷ್ಷಿನಿಂದ ಉಜ್ಜಿದರೆ ಹೋಗುತ್ತದೆ. ಉಜ್ಜುವ ವ್ಯವಧಾನ ಇಲ್ಲದಿದ್ದರೆ ಮೆತ್ತನೆಯ ತೋಟಾವನ್ನೂ .357ರ ಕೇಸಿನಲ್ಲೇ ತುಂಬಿಸಿ, ಉಂಗುರದ ಮಾತೇ ಬರುವುದಿಲ್ಲ. ಈ ತಕರಾರು ಎತ್ತಿದವರು ನಿಜವಾಗಿ ಹೇಳಬೇಕಾಗಿದ್ದ ಅಪಾಯ ಬೇರೆ ಇದೆ, ಅದನ್ನು ಯಾರೂ ಹೇಳಲಿಲ್ಲ. ಉದ್ದನೆಯ ಕೇಸಿನ ತಳದಲ್ಲಿ ಮೂರು ಗ್ರೇನ್ ಮದ್ದು ಕಂಡೂ ಕಾಣದಷ್ಟು. ಮರೆತು ಇನ್ನೊಮ್ಮೆ ಹಾಕಿದರೂ ಹೊರಗೆ ಚೆಲ್ಲುವುದಿಲ್ಲ. ಎರಡು ಪಾಲು ಮದ್ದು ಬಿದ್ದ ತೋಟಾ ಒಳ್ಳೆಯ ರಿವಾಲ್ವರನ್ನೂ ಸೀಳಬಲ್ಲದು. ಆದ್ದರಿಂದ ಗುಂಡು ಕೂರಿಸುವ ಮುನ್ನ ಹಲಗೆಯ ಮೇಲೆ ಸಾಲಾಗಿ ನಿಲ್ಲಿಸಿದ ಪ್ರತಿಯೊಂದು ಕೇಸಿನೊಳಕ್ಕೂ ಟಾರ್ಚ್ ಬಿಟ್ಟು ನೋಡಬೇಕು. ಟೀವಿ ನೋಡುತ್ತ ತೋಟಾ ತುಂಬಿಸುವವರು ದಯವಿಟ್ಟು ಅಂಗಡಿಯಿಂದಲೇ ಕೊಳ್ಳಲಿ.

"9 ಎಂಎಂ ಪಿಸ್ತೂಲಿನ ತೋಟಾ ಅಂಗಡಿಯಲ್ಲೇ ಅಗ್ಗ, ಈ ತಾಪತ್ರಯವೇ ಬೇಡ" ಅಂದವರು ನನ್ನ ವಾದವನ್ನೇ ಗಟ್ಟಿ ಮಾಡಿದ್ದಾರೆ. ಕೊಳ್ಳುವ ತೋಟಾ ಅಗ್ಗವಾದಷ್ಟೂ ತುಂಬಿಸಿ ಉಳಿಸುವುದು ಕಡಿಮೆ. ಅಂಗಡಿಯ .38ಕ್ಕೆ 9 ಎಂಎಂಗಿಂತ ಬಹಳ ಹೆಚ್ಚು ಕೊಡಬೇಕು, ಉಳಿತಾಯ ಇರುವುದೇ ಅಲ್ಲಿ. ಪಿಸ್ತೂಲು ಖಾಲಿ ಕೇಸನ್ನು ಹುಲ್ಲಿನೊಳಕ್ಕೆ ಎಸೆಯುತ್ತದೆ. ರಿವಾಲ್ವರ್ ಅಂಗೈಗೇ ಸುರಿಯುತ್ತದೆ. ಮೆತ್ತನೆಯ ಒತ್ತಡದಲ್ಲಿ ಅದೇ ಕೇಸು, ಬಾಯಿ ಸೀಳುವವರೆಗೂ, ಮತ್ತೆ ಮತ್ತೆ ಬಳಕೆಗೆ ಬರುತ್ತದೆ. ನೇರ ಗೋಡೆಯ ಕೇಸು ಆದ್ದರಿಂದ ಕಾರ್ಬೈಡ್ ಡೈ ಇದ್ದರೆ ಎಣ್ಣೆ ಹಚ್ಚುವ ಕೆಲಸವೂ ಇಲ್ಲ.

.327 ಫೆಡರಲ್ ಮ್ಯಾಗ್ನಂ ಬಗ್ಗೆ ಬಂದ ಮಾತೊಂದೇ ನನ್ನನ್ನು ಸ್ವಲ್ಪ ಹೊತ್ತು ಯೋಚನೆಗೆ ಹಚ್ಚಿದ್ದು. 100 ಗ್ರೇನ್ ಗುಂಡು, ಪೌಂಡಿಗೆ ಎಪ್ಪತ್ತು, ಸೀಸದ ಖರ್ಚು ಮೂರು ಸೆಂಟಿಗಿಂತ ಕಡಿಮೆ. ಅದರೊಳಗೆ ಹಳೆಯ .32 ಎಸ್ ಅಂಡ್ ಡಬ್ಲ್ಯು ಲಾಂಗ್ ಕೂಡ ಹೊಡೆಯಬಹುದು. ಅದರ ನಿಖರತೆಗೆ ಸಾಕ್ಷಿ ಬೇಕಿಲ್ಲ. 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಜಸ್ಪಾಲ್ ರಾಣಾ 590 ಅಂಕ ಗಳಿಸಿ ವಿಶ್ವದಾಖಲೆ ಸರಿಗಟ್ಟಿದ 25 ಮೀಟರ್ ಸೆಂಟರ್ ಫೈರ್ ಸ್ಪರ್ಧೆಯಲ್ಲಿ ಚಪ್ಪಟೆ ಮೂತಿಯ .32 ವ್ಯಾಡ್‌ಕಟರ್ ಗುಂಡಿಗೇ ಹೆಚ್ಚಿನ ಬಳಕೆ. ಆದರೂ ನನ್ನ ಮಾತು ಬದಲಾಗದು. .327ಕ್ಕೆ ಸಿಗುವ ರಿವಾಲ್ವರುಗಳು ಬೆರಳೆಣಿಕೆಯವು, ಖಾಲಿ ಕೇಸು ಹುಡುಕಿಕೊಂಡು ಹೋಗಿ ದುಡ್ಡು ಕೊಟ್ಟು ತರಬೇಕು. .38ರ ಕೇಸು ಯಾವ ರೇಂಜಿನ ಬಕೆಟ್ಟಿನಲ್ಲಾದರೂ ಸಿಗುತ್ತದೆ. ಸೀಸದಲ್ಲಿ ಉಳಿಸಿದ್ದು ಹಿತ್ತಾಳೆಗೆ ಹೋಗುತ್ತದೆ.

1964ರ .41 ಮ್ಯಾಗ್ನಂನವರ ಜೊತೆ ನನಗೆ ಜಗಳವಿಲ್ಲ. ಅವರು ಖರ್ಚು ನೋಡಿ ಅದನ್ನು ಕೊಂಡವರಲ್ಲ.

ಕೊನೆಗೆ, "ತುಂಬಿಸುವುದರಿಂದ ಉಳಿತಾಯವೇ ಇಲ್ಲ, ಹೆಚ್ಚು ಹೊಡೆದು ಅಷ್ಟೇ ಖರ್ಚು ಮಾಡುತ್ತೀರಿ" ಎಂಬ ಮಾತು. ಒಪ್ಪಿದೆ. ಅಷ್ಟೇ ದುಡ್ಡಿಗೆ ಮೂರು ಪಟ್ಟು ಹೊಡೆಯುವುದಕ್ಕೇ ಅಲ್ಲವೇ ತೋಟಾ ತುಂಬಿಸುವ ಪ್ರೆಸ್ ಕೊಂಡದ್ದು? ಪ್ರೈಮರ್ ಬೆಲೆ 2020ರ ನಂತರ ಎರಡು ಪಟ್ಟು ದಾಟಿರುವುದರಿಂದ ಮೊದಲಿನಷ್ಟು ಲಾಭ ಉಳಿದಿಲ್ಲ ಎಂಬುದೂ ನಿಜ; ಆ ಏರಿಕೆ ಅಂಗಡಿಯ ತೋಟಾವನ್ನೂ ಬಿಟ್ಟಿಲ್ಲ.

ಊರಿನಿಂದ ಒಬ್ಬರು, ಇದನ್ನು ಅಲ್ಲೂ ಮಾಡಬಹುದೇ ಎಂದು ಕೇಳಿದ್ದಾರೆ. ಬೇಡ. ಭಾರತದಲ್ಲಿ ಪರವಾನಗಿ ಇಲ್ಲದೆ ತೋಟಾ ತಯಾರಿಸುವುದು ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧ. ಇನ್ನು, ಈಗಾಗಲೇ .44 ಕೊಂಡುಬಿಟ್ಟಿದ್ದೇನೆ, ಮಾರಲೇ ಎಂದು ಕೇಳಿದ ಮಿತ್ರರಿಗೆ: ಮಾರಬೇಡಿ. ಮಾರಿ ಕೊಳ್ಳುವುದರಲ್ಲಿ ಆಗುವ ನಷ್ಟವನ್ನು ಸೀಸದಲ್ಲಿ ಉಳಿಸಿ ತುಂಬಿಕೊಳ್ಳಲು ಬಹಳ ದಿನ ಬೇಕು. 240ರ ಬದಲು 200 ಗ್ರೇನಿನ ಅಚ್ಚೊಂದನ್ನು ತನ್ನಿ, ಪೌಂಡಿಗೆ 35 ಗುಂಡು ಆಗುತ್ತವೆ.