ಅಂಗಡಿಗೆ ಬೀಗ, ಆಸ್ಪತ್ರೆಗೆ ಹಾಸಿಗೆ

ಸಂಜೆ ಹೊತ್ತು. ದಿನವಿಡೀ ಬಗ್ಗಿ ನೆಲ್ಲು ಹಚ್ಚಿ ಬಂದ ಹೆಣ್ಣುಮಗಳು ಕಿರಾಣಿ ಅಂಗಡಿಯ ಮುಂದೆ ಎಣ್ಣೆ ಬಾಟಲಿ ಹಿಡಿದು ನಿಂತಿದ್ದಾಳೆ. ಅಷ್ಟರಲ್ಲಿ ಗಂಡ ಬಂದು ನೋಟು ಚಾಚುತ್ತಾನೆ. ಅಂಗಡಿಯವ ಉಪ್ಪಿನ ಚೀಲದ ಹಿಂದೆ ಕೈ ಹಾಕಿ 90 ಎಂಎಲ್ ಪಾಕೀಟು ತೆಗೆದುಕೊಡುತ್ತಾನೆ. ಆಕೆ ಮುಖ ತಿರುಗಿಸಿಕೊಳ್ಳುತ್ತಾಳೆ. ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಇದು ಯಾರಿಗೂ ಹೊಸದಲ್ಲ. ಇಂಥ ಎಷ್ಟೋ ಊರುಗಳಲ್ಲಿ ಶೆರೆ ಮಾರುವ ಲೈಸೆನ್ಸೇ ಇಲ್ಲ. ಕಾಗದದ ಪ್ರಕಾರ ಅಲ್ಲಿ ಮಾರಾಟಕ್ಕೆ ನಿಷೇಧವಿದೆ.

ಹಾಗಾದರೆ ನಿಷೇಧದಿಂದ ಒಳಿತಿಗಿಂತ ಕೆಡುಕೇ ಹೆಚ್ಚೇ? ಮಾರುವವನನ್ನು ಬಿಟ್ಟು, ಚಟಕ್ಕೆ ಬಿದ್ದವನಿಗೆ ಚಿಕಿತ್ಸೆಯ ದಾರಿಯನ್ನೂ ತೋರದೆ ಹೇರಿದ ನಿಷೇಧ ಕೆಡುಕನ್ನೇ ಮಾಡುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ವರ್ಷ ತುಂಬುವ ಮೊದಲೇ, 2008ರ ಮೇನಲ್ಲಿ, ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿ ಭಾಗದಲ್ಲಿ ಮೆಥನಾಲ್ ಬೆರೆತ ಕಳ್ಳಭಟ್ಟಿ ನೂರಕ್ಕೂ ಹೆಚ್ಚು ಜನರ ಜೀವ ತೆಗೆಯಿತು. ಇತ್ತ ನಮ್ಮ ಹಳ್ಳಿಗಳಲ್ಲಿ ಸಾರಾಯಿ ಬಿಟ್ಟುಹೋದ ಜಾಗದಲ್ಲಿ ಅಗ್ಗದ ಮದ್ಯದ ಪಾಕೀಟು ಬಂದು ಕೂತಿತು.

ಸೇಂದಿಯ ಕಥೆ ಇನ್ನೂ ಕಹಿ. ಮರದಿಂದ ಇಳಿಸುವ ಸೇಂದಿ ನಿಷೇಧವಾಯಿತು, ಮರವೇ ಬೇಡದ ಸೇಂದಿ ಜಿಲ್ಲೆಗೆ ಬಂತು. ನೀರಿಗೆ ಸಿಎಚ್ ಪೌಡರ್ ಕಲಸಿದರೆ ಸಾಕು. ಅದು ಕ್ಲೋರಲ್ ಹೈಡ್ರೇಟ್, ನಿದ್ದೆ ಬರಿಸುವ ರಾಸಾಯನಿಕ. ಅದಕ್ಕೆ ಒಗ್ಗಿದ ದೇಹಕ್ಕೆ ಒಮ್ಮೆಲೇ ತಪ್ಪಿತೆಂದರೆ ಚಹದ ಲೋಟ ಹಿಡಿಯಲಾರದಷ್ಟು ಕೈ ನಡುಗುತ್ತದೆ, ಇಲ್ಲದ್ದು ಕಣ್ಣಿಗೆ ಕಾಣುತ್ತದೆ, ಫಿಟ್ಸ್ ಬರುತ್ತದೆ. 2015ರಲ್ಲಿ ಪಕ್ಕದ ತೆಲಂಗಾಣದಲ್ಲಿ ಕಲಬೆರಕೆ ಸೇಂದಿಯ ಮೇಲೆ ದಾಳಿ ನಡೆದಾಗ ಇಂಥವರೇ ಆಸ್ಪತ್ರೆಗಳಲ್ಲಿ ತುಂಬಿಕೊಂಡರು. ದಾಳಿ ಆಗಲೇಬೇಕಿತ್ತು. ಅದಕ್ಕೂ ಮೊದಲು ಅವರಿಗಾಗಿ ಹಾಸಿಗೆ, ಔಷಧಿ ಸಿದ್ಧವಾಗಬೇಕಿತ್ತು.

ಹಾಗೆಂದು ಎಲ್ಲವನ್ನೂ ಮುಕ್ತ ಮಾಡಿ ಎನ್ನುವವರ ಜೊತೆ ನಾನಿಲ್ಲ. 2019ರ ಜನವರಿಯಲ್ಲಿ ಮದ್ಯನಿಷೇಧ ಕೇಳುತ್ತ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ರಾಯಚೂರು ಜಿಲ್ಲೆಯ ಕೂಲಿ ಹೆಂಗಸರೂ ಆ ಸಾಲಿನಲ್ಲಿದ್ದರು. ಊರ ಕಿರಾಣಿ ಅಂಗಡಿಯಲ್ಲಿ ಶೆರೆ ಸಿಗಬಾರದು ಎಂಬಷ್ಟರ ಮಟ್ಟಿಗೆ ಅವರ ಬೇಡಿಕೆಯನ್ನು ಪೂರೈಸಲು ಹೊಸ ಕಾನೂನೂ ಬೇಕಿಲ್ಲ. ಆ ಮಾರಾಟ ಇವತ್ತಿಗೂ ಅಪರಾಧವೇ. ಅಬಕಾರಿಯಿಂದ ವರ್ಷಕ್ಕೆ 30,000 ಕೋಟಿ ರೂಪಾಯಿಗೂ ಹೆಚ್ಚು ಎಣಿಸುವ ಸರ್ಕಾರ ಅಷ್ಟನ್ನೂ ಮಾಡದಿದ್ದರೆ ಅದು ಆ ತಾಯಂದಿರಿಗೆ ಬಗೆದ ದ್ರೋಹ.

ಚಟಕ್ಕೆ ಬಿದ್ದವನಿಗೆ ಚಿಕಿತ್ಸೆಯ ದಾರಿ ಬಿಡುವುದು ಕಾನೂನಿಗೆ ಹೊಸದಲ್ಲ. 1985ರ ಮಾದಕವಸ್ತು ಕಾಯ್ದೆ ಅಷ್ಟು ಕಠಿಣವಾಗಿದ್ದರೂ, ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ಅದರ 64ಎ ಕಲಮು ಸಣ್ಣ ಪ್ರಮಾಣದ ಪ್ರಕರಣಗಳಲ್ಲಿ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಆದರೆ ನಮ್ಮ ಹಳ್ಳಿಯ ವ್ಯಸನಿ ಚಿಕಿತ್ಸೆಗೆ ಬರುವುದಾದರೂ ಎಲ್ಲಿಗೆ? ಮಸ್ಕಿಯಿಂದ ರಾಯಚೂರಿನ ರಿಮ್ಸ್ ಆಸ್ಪತ್ರೆ 80 ಕಿಲೋಮೀಟರಿಗೂ ಹೆಚ್ಚು ದೂರ. ಜೊತೆಗೆ ಹೋಗುವ ಹೆಂಡತಿಗೆ ಅವತ್ತಿನ ಕೂಲಿ ಇಲ್ಲ, ಮೇಲೆ ಗಂಡನ ಬಸ್ ಚಾರ್ಜು.

ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ಕಡೆ ಸರ್ಕಾರಿ ಆಸ್ಪತ್ರೆಯಲ್ಲಿ ಚಟ ಬಿಡಿಸಲೆಂದೇ ತಲಾ ನಾಲ್ಕು ಹಾಸಿಗೆ, ವಾರಕ್ಕೆರಡು ದಿನ ಮನೋವೈದ್ಯರು. ಹಾಸಿಗೆ ಸಿದ್ಧವಾದ ವಾರವೇ ಹಳ್ಳಿಯ ಕಿರಾಣಿ ಅಂಗಡಿಗಳ ತಪಾಸಣೆ. ಮುಂದಿನ ನಾಟಿಯ ಹೊತ್ತಿಗೆ ಇಷ್ಟಾಗಲಿ. ಆ ಹೆಣ್ಣುಮಗಳು ಎಣ್ಣೆ ಬಾಟಲಿ ತುಂಬಿಸಿಕೊಂಡು ಮನೆಗೆ ಹೋಗಲಿ.