ಹರಿದ ತಂತಿ

ಕೊಳಾಲದ ಬಂಧುಗಳೊಬ್ಬರ ಮನೆಯಲ್ಲಿ ಎಲೆಕ್ಟ್ರಿಕ್ ಗಿಟಾರಿನ ತಂತಿ ತಿಂಗಳೊಳಗೆ ಮೂರು ಬಾರಿ ಹರಿಯಿತು. ಮಗನ ಕೈ ಒರಟೆಂದು ತಂದೆ ಗದರಿದರು. ಹುಡುಗ ವಾದ್ಯವನ್ನೇ ಮೂಲೆಗಿಟ್ಟನು. ವೀಣೆಯಂತೆ ಗಿಟಾರಿಗೂ ಕುದುರೆಯುಂಟು. ಪರಿಶೀಲಿಸಲಾಗಿ, ಮೂರು ಸಲವೂ ತಂತಿ ಹರಿದುದು ಆ ಕುದುರೆಯ ಒಂದೇ ಸ್ಥಳದಲ್ಲಿ. ಹರಿತವಾಗಿದ್ದ ಲೋಹದ ಅಂಚನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿದ ಮೇಲೆ ತೊಂದರೆ ನಿಂತಿತು.

ಈ ವಾದ್ಯದಲ್ಲಿ ತಂತಿಯ ಕಂಪನವನ್ನು ಅಯಸ್ಕಾಂತವು ಗ್ರಹಿಸುವುದರಿಂದ ಉಕ್ಕಿನ ತಂತಿ ಅಥವಾ ನಿಕ್ಕಲ್ ಸುತ್ತಿದ ಉಕ್ಕಿನ ತಂತಿಯೇ ಬೇಕು, ನೈಲಾನ್ ಸಲ್ಲದು. ಕಲಿಯುವವರಿಗೆ 0.009 ಅಥವಾ 0.010 ಅಂಗುಲ ದಪ್ಪದ ಮೊದಲ ತಂತಿ ಸಾಕು. ನುಡಿಸಿದ ಬಳಿಕ ಬೆವರನ್ನು ಒಣಬಟ್ಟೆಯಿಂದ ಒರೆಸಿದರೆ ತುಕ್ಕು ಬೇಗ ಹಿಡಿಯದು. ತಂತಿಯನ್ನು ಸಡಿಲಿಸಿದ ನಂತರವೇ ಬಿಚ್ಚಬೇಕು. ಬಿಗಿದದ್ದು ಸಿಡಿದರೆ ಕಣ್ಣಿಗೆ ಅಪಾಯ.

ತಾಯಿತಂದೆಗಳೇ, ತಂತಿ ಹರಿದಾಗ ಮೊದಲು ಹರಿದ ಸ್ಥಳವನ್ನು ನೋಡಿರಿ; ಮಗುವಿನ ಕೈಯನ್ನು ದೂರುವುದು ಆಮೇಲೆ.