ದೆವ್ವದ ಆಟಗಳೂ ರದ್ದಿಯ ಕಾಗದವೂ

ಗೃಹಸ್ಥರ ಮನೆಯಲ್ಲಿ ವರ್ತಮಾನಪತ್ರಕ್ಕೆ ಎರಡು ಬಾಳುಗಳುಂಟು. ಬೆಳಗಿನ ಚಹದೊಡನೆ ಮೊದಲನೆಯದು ಮುಗಿಯುವದು. ಆಮೇಲೆ ಅದು ಮಾಡದಲ್ಲಿ ಹಾಸಾಗಿ, ಟ್ರಂಕಿನ ತಳದಲ್ಲಿ ಹೊದಿಕೆಯಾಗಿ, ಕಡೆಗೆ ರದ್ದಿಯವನ ತಕ್ಕಡಿ ಸೇರುವದು. ಹೀಗೆ ತೂಕಕ್ಕೆ ಹೋದ ಕಾಗದದೊಡನೆ ನಮ್ಮ ಊರುಗಳ ಒಂದು ಚರಿತ್ರೆಯೂ ಹೋಗುತ್ತಿದೆಯೆಂಬದನ್ನು ವಾಚಕರ ಗಮನಕ್ಕೆ ತರಬೇಕೆಂದು ಈ ತಿಂಗಳು ಲೇಖನಿ ಹಿಡಿದಿದ್ದೇವೆ. ಅದು ಸಿನೇಮಾ ಜಾಹೀರಾತುಗಳ ಚರಿತ್ರೆ. ಅದರಲ್ಲಿಯೂ ಹಿರಿಯರು ಮಕ್ಕಳ ಕಣ್ಣಿಗೆ ಬೀಳದಂತೆ ಮಡಚಿಡುವಂಥ, ದೆವ್ವ-ಭೂತಗಳ ಆಟದ ಜಾಹೀರಾತುಗಳದು.

ಭಯಾನಕವು ನಮಗೆ ಹೊಸ ರಸವಲ್ಲ. ಭರತಮುನಿಯು ಅದನ್ನು ಎಂಟು ರಸಗಳಲ್ಲಿ ಎಣಿಸಿದ್ದಾನೆ. ಹೊಸದೆಂದರೆ ಅದನ್ನು ಜೋಡಿಯಾಗಿ ಮಾರುವ ಯುಕ್ತಿ. ಅಮೇರಿಕೆಯಲ್ಲಿ 1930ರ ನಂತರದ ಮುಗ್ಗಟ್ಟಿನ ದಿನಗಳಲ್ಲಿ ಒಂದೇ ಟಿಕೀಟಿಗೆ ಎರಡು ಚಿತ್ರ ತೋರಿಸುವ ರೂಢಿ ಬಲಿಯಿತು. ‘ಡ್ರಾಕುಲಾ’, ‘ಫ್ರಾಂಕೆನ್‌ಸ್ಟೈನ್’ ಎರಡೂ 1931ರ ಚಿತ್ರಗಳು. 1938ರ ಆಗಸ್ಟಿನಲ್ಲಿ ಲಾಸ್ ಏಂಜಲಿಸ್ ಬಳಿಯ ರೆಜಿನಾ ಥಿಯೇಟರಿನವರು ಈ ಹಳೆಯ ಸರಕಿಗೆ ‘ಸನ್ ಆಫ್ ಕಾಂಗ್’ ಎಂಬ ಮೂರನೆಯದನ್ನೂ ಸೇರಿಸಿ ತೋರಿಸಲು, ಜನರು ಸಾಲುಗಟ್ಟಿ ನಿಂತರು. ಯುನಿವರ್ಸಲ್ ಕಂಪನಿಯು ಎಚ್ಚತ್ತು ಮೊದಲಿನೆರಡನ್ನು ಜೋಡಿ ಮಾಡಿ ದೇಶದ ತುಂಬ ಕಳಿಸಿತು. ಮರುವರ್ಷ ‘ಸನ್ ಆಫ್ ಫ್ರಾಂಕೆನ್‌ಸ್ಟೈನ್’ ಹೊರಬಿತ್ತು. ಕೆಲಸವಿಲ್ಲದೆ ಕುಳಿತಿದ್ದ ನಟ ಬೇಲಾ ಲುಗೋಸಿಗೆ ಮತ್ತೆ ಅನ್ನದ ದಾರಿಯಾಯಿತು. ಸತ್ತವರು ಏಳುವ ಕಥೆಯಿಂದ ಬದುಕಿದ್ದವನೊಬ್ಬನು ಎದ್ದನೆನ್ನಬೇಕು!

ನಮ್ಮಲ್ಲಿ ಈ ಜೋಡಿ ಆಟವು ಬೇರೂರಲಿಲ್ಲ. ಕಾರಣವು ಸರಳ. ಅಲ್ಲಿಯ ಆ ಎರಡು ಚಿತ್ರಗಳು ಒಂದೊಂದು ಸವ್ವಾ ತಾಸಿನವು. ಎರಡೂ ಕೂಡಿದರೆ ನಮ್ಮದೊಂದು ಚಿತ್ರ. 1984ರ ‘ಪುರಾನಾ ಮಂದಿರ’ವೊಂದೇ ಹೆಚ್ಚುಕಡಿಮೆ ಎರಡೂವರೆ ತಾಸು ನಡೆಯುತ್ತದೆ, ಅದರಲ್ಲಿ ಪಿಶಾಚಿಯೂ ಉಂಟು, ಪ್ರೇಮವೂ ಉಂಟು, ಹಾಡೂ ಉಂಟು, ನಗೆಯ ಉಪಕಥೆಯೂ ಉಂಟು. ಒಂದೇ ಟಿಕೀಟಿಗೆ ಎರಡಾಟ ನೋಡುವ ಭಾಗ್ಯವನ್ನು ನಾವು ಬೇರೆ ಬಗೆಯಿಂದ ಪಡೆದೆವು.

ಆ ಚಿತ್ರವನ್ನು ಮಾಡಿದ ರಾಮಸೇ ಬಂಧುಗಳು 1972ರ ‘ದೋ ಗಜ ಜಮೀನ ಕೇ ನೀಚೇ’ಯನ್ನು ಅಲ್ಪ ಖರ್ಚಿನಲ್ಲಿ ಮಹಾಬಳೇಶ್ವರದಲ್ಲಿ ಚಿತ್ರಿಸಿದರು. ನಮ್ಮ ಕೃಷ್ಣೆಯು ಹುಟ್ಟುವ ಬೆಟ್ಟವೇ ಅದು. ನೀರು ಇಳಿದು ಬರುವ ದಾರಿಯಲ್ಲಿಯೇ ದೆವ್ವವೂ ಇಳಿದು ಬಂದಿತು! ಕನ್ನಡದಲ್ಲಿ 1979ರ ‘ನಾ ನಿನ್ನ ಬಿಡಲಾರೆ’ಯಲ್ಲಿ ಅನಂತನಾಗ, ಲಕ್ಷ್ಮಿಯವರು ನಟಿಸಿದರು. ದೆವ್ವದ ಜೊತೆಗೆ ಮಂತ್ರಾಲಯದ ರಾಯರೂ ಇದ್ದುದರಿಂದ ಅಜ್ಜಿಯಂದಿರನ್ನೂ ಕರೆದೊಯ್ಯಲು ಅಡ್ಡಿಯಿರಲಿಲ್ಲವೆಂದು ನಮ್ಮ ಅಭಿಪ್ರಾಯ.

ಇನ್ನು ಜಾಹೀರಾತಿನ ಮಾತು. ಇಂಗ್ಲಂಡದ ಪರಿಶೀಲಕರು 1930ರ ದಶಕದಲ್ಲಿ ಇಂಥ ಚಿತ್ರಗಳಿಗೆ ‘ಎಚ್’ ಎಂಬ ಗುರುತು ಹಚ್ಚಿದರು. ನಮ್ಮಲ್ಲಿ 1952ರ ಕಾಯದೆಯು ‘ಯು’, ‘ಎ’ ಎಂಬ ಎರಡನ್ನು ಇಟ್ಟಿತು. ಎರಡೂ ಕಡೆಗೆ ಎಚ್ಚರಿಕೆಯೆಂದು ಬರೆದ ಅಕ್ಷರವು ಆಮಂತ್ರಣವಾಯಿತು. ಜಾಹೀರಾತು ಕೊಡುವವನು ಅದನ್ನೇ ದಪ್ಪಗೆ ಅಚ್ಚು ಹಾಕಿಸುವನು. ಬೇಡವೆಂದಷ್ಟೂ ಬೇಕೆನಿಸುವ ಮನುಷ್ಯಸ್ವಭಾವವನ್ನು ಅವನಷ್ಟು ಚೆನ್ನಾಗಿ ಅರಿತವರು ವಿರಳ. ಮೊಳೆ ಜೋಡಿಸುವ ಕಾಲದಲ್ಲಿ ಚಿತ್ರದ ಬ್ಲಾಕು ಹಂಚಿಕೆದಾರರಿಂದ ಬರುವದು; ಊರಿನ ಹೆಸರು, ಥಿಯೇಟರು, ಆಟದ ವೇಳೆ ಇಷ್ಟನ್ನು ಇಲ್ಲಿಯ ಅಚ್ಚುಕೂಟದವರು ಕೂಡಿಸುವರು. ಚಿಕ್ಕ ಊರಿನ ಮಾಲಕನಿಗೆ ಪತ್ರಿಕೆಯ ದರವು ಭಾರವಾದಾಗ ತೆಳುವಾದ ಬಣ್ಣದ ಕಾಗದದ ಕರಪತ್ರವೇ ಗತಿ. ಟಾಂಗಾದಲ್ಲಿ ಕುಳಿತು ಕೂಗುತ್ತ ಹಂಚುವದು.

ಈಗ ಅವನ್ನು ಎಲ್ಲಿ ಹುಡುಕಬೇಕು? 1948ರ ವಿಲೀನದ ಮೊದಲು ಜಮಖಂಡಿ, ಬನಹಟ್ಟಿಗಳು ಜಮಖಂಡಿಯ ಪಟವರ್ಧನರ ಸಂಸ್ಥಾನದಲ್ಲಿ, ರಬಕವಿ ಸಾಂಗಲಿಯದರಲ್ಲಿ, ಮುಧೋಳ ಘೋರ್ಪಡೆಯವರದರಲ್ಲಿ, ಬೀಳಗಿ ಇಂಗ್ರೇಜರ ವಿಜಾಪುರ ಜಿಲ್ಲೆಯಲ್ಲಿ ಇದ್ದವು. ಒಂದು ದಿನದ ದಾರಿಯೊಳಗೆ ನಾಲ್ಕು ರಾಜ್ಯಭಾರಗಳು! ಆ ಕಾಲದ ಕಾಗದವು ಒಂದೇ ಕಪಾಟಿನಲ್ಲಿ ಸಿಗುವಂಥದಲ್ಲ. ಬೀಳಗಿಯ ಮಗಳಾದ ಅಮೀರಬಾಯಿ ಕರ್ನಾಟಕಿಯವರು 1943ರ ‘ಕಿಸ್ಮತ್’ದಲ್ಲಿ ಹಾಡಿ ದೇಶಕ್ಕೆಲ್ಲ ಪರಿಚಿತರಾದರು. ಅಂಥವರ ಹೆಸರು ತವರಿನ ಕಡೆಯ ಯಾವ ಕರಪತ್ರದಲ್ಲಿ ಎಷ್ಟು ದಪ್ಪಗೆ ಅಚ್ಚಾಗಿತ್ತೆಂಬದನ್ನು ತೋರಿಸಬಲ್ಲ ಸಾಕ್ಷಿ ಇದ್ದರೆ, ಅದು ಯಾವದೋ ಮನೆಯ ಟ್ರಂಕಿನಲ್ಲಿರಬೇಕು. ಒಂದೇ ತೆರೆಯ ಥಿಯೇಟರುಗಳು ಊರೂರಲ್ಲಿ ಬಾಗಿಲು ಮುಚ್ಚಿದ ಮೇಲೆ ಉಳಿದುದು ಆ ತುಂಡು ಕಾಗದವೇ.

ಆದಕಾರಣ ದೀಪಾವಳಿಗೆ ಮನೆ ಸಾರಿಸುವಾಗ ಟ್ರಂಕಿನ ತಳದ ಹಾಸನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡುವದು. ಜಾಹೀರಾತು ಕಂಡರೆ ಅದನ್ನಷ್ಟೇ ಕತ್ತರಿಸಬಾರದು. ಪತ್ರಿಕೆಯ ಹೆಸರು, ತಾರೀಖುಗಳಿರುವ ಮೇಲಂಚು ಕೂಡಿಯೇ ಇರಲಿ. ಕರಪತ್ರದಲ್ಲಿ ವಾರವಿದ್ದು ಇಸವಿಯಿಲ್ಲದಿದ್ದರೆ ಮನೆಯ ಹಿರಿಯರನ್ನು ಕೇಳಿ, ಹಿಂಬದಿಯಲ್ಲಿ ಸೀಸಕಡ್ಡಿಯಿಂದ ಹಗುರವಾಗಿ ಬರೆದಿಡುವದು. ಅಂಟು ಹಚ್ಚುವದಾಗಲಿ ಪ್ಲಾಸ್ಟಿಕ್ಕಿನಲ್ಲಿ ಬೆಸೆಯುವದಾಗಲಿ ಬೇಡ. ಮಡಚದೆ ಚಪ್ಪಟೆಯಾಗಿಟ್ಟು, ಬಿಸಿಲು ಬೀಳದಲ್ಲಿ ಮೊಬೈಲಿನಿಂದ ಒಂದು ಛಾಯಾಚಿತ್ರ ತೆಗೆದುಕೊಂಡು, ಆಮೇಲೆ ಟ್ರಂಕಿಗೆ ಬೇರೆ ಕಾಗದ ಹಾಸಿದರಾಯಿತು.